ಗುಣಿಗೊಂದು

ಆ ಊರಿನಲ್ಲಿ ಒತ್ತಾಗಿ ಎದ್ದ ಸಸಿಗಳನ್ನು ಕೀಳುವ ದಿನವೇ ಒತ್ತಾದ ಮನೆಗಳಿಂದ ಮಂದಿಯನ್ನೂ ಕೀಳುತ್ತಿದ್ದರು. ಮನೆಗೊಂದೇ ಮಗು ಉಳಿಯಬೇಕು, ಉಳಿದದ್ದು ಚೆನ್ನಾಗಿ ಬಲಿಯಬೇಕು. ಕಿತ್ತವರನ್ನು ವ್ಯಾನು ಒಯ್ಯುತ್ತಿತ್ತು. ಅವರಾರೂ ತಿರುಗಿ ಬಂದದ್ದಿಲ್ಲ.

ಬೆಳಗಿನಿಂದ ಹಾಲವ್ವ ತನ್ನ ಹೆಣ್ಣುಮಕ್ಕಳಿಬ್ಬರ ಜತೆ ಗೋವಿನಜೋಳದ ಸಾಲಿನಲ್ಲಿದ್ದಳು. ಗುಣಿಗೆರಡು ಕಾಳು ಊರಿದ್ದರು, ಈಗ ಸೊರಗಿದ್ದನ್ನು ಕೀಳುತ್ತಿದ್ದರು.

"ಉಳಿಯೋ ಸಸಿ ಬುಡಾ ಒತ್ತಿ ಹಿಡಿಯೇ ನೀಲಾ, ಇಲ್ಲಾಂದ್ರ ಅದರ ಬೇರೂ ಅಲಗತೈತಿ," ಎಂದು ಹಾಲವ್ವ ಕಿರಿಯವಳನ್ನು ಗದರಿದಳು. ನೀಲವ್ವ ಬುಡ ಒತ್ತಿ ಹಿಡಿದು ಪಕ್ಕದ್ದನ್ನು ಕಿತ್ತಳು.

ಅಷ್ಟರಲ್ಲಿ ವ್ಯಾನು ಬದುವಿಗೆ ಬಂದು ನಿಂತಿತು. ಅದರಿಂದ ಇಳಿದ ಸಾಹೇಬ ಪಟ್ಟಿ ತೆರೆದು, "ಯಾರನ್ನ ಕಳಸ್ತೀಯವ್ವಾ?" ಎಂದ.

"ನನ್ನ ಒಯ್ರಿ ಸಾಹೇಬ್ರ. ಈ ನೀಲಾನ ಗೊರಕಿಯಿಂದರ ಪಾರಾಗ್ತೀನಿ," ಎಂದು ಅಕ್ಕ ಕಸ್ತೂರಿ ನಕ್ಕಳು. ನಗುತ್ತಲೇ ತಾಯಿಯ ಪಕ್ಕಕ್ಕೆ ಸರಿದು ನಿಂತಳು.

"ನನಗ ಇಬ್ರೂ ಒಂದರೀ. ನೀವ ಹೇಳ್ರಿ," ಎಂದು ಹಾಲವ್ವ ಕುಳಿತಲ್ಲೇ ತಲೆ ತಗ್ಗಿಸಿದಳು.

ಆದರೆ ಅವಳ ಎಡಗೈ, ಅವಳಿಗೇ ಅರಿವಿಲ್ಲದಂತೆ, ಪಕ್ಕದಲ್ಲಿ ನಿಂತಿದ್ದ ಕಸ್ತೂರಿಯ ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ನೀಲವ್ವ ಅದನ್ನು ನೋಡಿದಳು. ಕೈಯ ಮಣ್ಣು ಕೊಡವಿಕೊಂಡು, ಯಾರೂ ಕರೆಯುವ ಮೊದಲೇ ವ್ಯಾನಿನತ್ತ ನಡೆದಳು.