ಗೋಡೆಯಾಚೆಯ ಬೆಲ್ಲದ ನೀರು

ಶಿವರಾತ್ರಿ ಕಳೆದು ಬೆಂಕಿಗಾಳಿಯ ಕಾಲ ಬಂದಿತ್ತು. ಹನ್ನೆರಡು ಅಂತಸ್ತಿನ ಊರಿನಲ್ಲಿ ಎಲ್ಲರೂ ಪೈಪು, ವೈರು ಹಾಯ್ದ ತೂತುಗಳಿಗೆ ಗೆದ್ದಲು ಬಿಟ್ಟು ಮಣ್ಣು ಕಟ್ಟಿಸುತ್ತಿದ್ದರು. ಆ ಮಣ್ಣನ್ನು ಬೆಂಕಿ ದಾಟದು. ಆದರೆ ಗೋಡೆಯ ಎರಡೂ ಬದಿಯವರು ಬೆಲ್ಲದ ನೀರು ಹಾಕದಿದ್ದರೆ ಗೆದ್ದಲು ಅರ್ಧಕ್ಕೇ ನಿಲ್ಲುತ್ತಿತ್ತು.

ಗುರವ್ವನ ಮನೆಯ ತೂತಿನಲ್ಲಿ ಇನ್ನೂ ಬೆಳಕು ಕಾಣುತ್ತಿತ್ತು. ಪಕ್ಕದ ಮನೆಯ ನೀಲವ್ವ, ಹಿಟ್ಟು ಜರಡಿ ಹಿಡಿಯಲು ಗುರವ್ವನಿಗೆ ಕೊಟ್ಟ ಸಾಣಿಗೆ ವಾಪಸು ಬರಲಿಲ್ಲವೆಂದು ಮಾತು ಬಿಟ್ಟಿದ್ದಳು. ಪಡುವಣದಲ್ಲಿ ಹೊಗೆ ಎದ್ದಿತು.

ಗುರವ್ವ ತೂತಿಗೆ ಬಾಯಿಟ್ಟು ಕೂಗಿದಳು: "ನೀಲಕ್ಕಾ, ಸಿಟ್ಟು ಆಮ್ಯಾಲ ಮಾಡು! ಬೆಲ್ಲದ ನೀರು ಹಾಕು, ಕೂಸು ಒಳಗ ಮಲಗೈತಿ."

"ನಿನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲ ತೀರಿಸ್ಲೇನು? ಮುಂಜಾನೆನಾ ಹಾಕೀನಿ. ನಿನ್ನ ಗೆದ್ದಲೂ ನಿನ್ನಂಗ ಮೈಗಳ್ಳ!"

ನೋಡನೋಡುತ್ತ ಬೆಳಕು ಸಣ್ಣಗಾಗಿ ಮುಚ್ಚಿತು. ಗುರವ್ವ ಅಂಗೈ ಒಡ್ಡಿದಳು, ಗಾಳಿ ಸುಳಿಯಲಿಲ್ಲ.

ಬೆಂಕಿ ಹೊರಗೆ ಭೋರ್ಗರೆದು ದಾಟಿಹೋದ ಮೇಲೆ, ಮೊಳೆಯಲ್ಲಿದ್ದ ನೀಲವ್ವನ ಸಾಣಿಗೆ ಇಳಿಸಿ, ಎರಡೂ ಮನೆಗೆ ರೊಟ್ಟಿಯಾಗುವಷ್ಟು ಹಿಟ್ಟು ಸಾಣಿಸಿದಳು.