ಸುಗುಣಾಳ ಸಾಕ್ಷಿ

ಉಪ್ಪಿಟ್ಟಿನ ತಟ್ಟೆ ಖಾಲಿಯಾದ ಮೇಲೆ ಹುಡುಗನ ತಂದೆ ಸತ್ಯಮಿತ್ರ ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡು, "ಎಲ್ಲಿ, ನಿನ್ನ ಸಾಕ್ಷಿ ಹೇಳಮ್ಮ" ಎಂದರು. ಬೇರೆ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಾರೆ. ಈ ಕ್ರೈಸ್ತ ಸಭೆಯವರು ಸಾಕ್ಷಿ ಹೇಳಿಸುತ್ತಾರೆ. ಅಂದರೆ ತಾನು ಯೇಸುಸ್ವಾಮಿಯ ಕಡೆಗೆ ಬಂದದ್ದು ಹೇಗೆ ಎಂದು ಹುಡುಗಿ ಎಲ್ಲರೆದುರು ನಿಂತು ಹೇಳಬೇಕು. ಹಾಡಿನಲ್ಲಿ ಶ್ರುತಿ ತಪ್ಪಿದರೆ ಯಾರೂ ಸಂಬಂಧ ಮುರಿಯುವುದಿಲ್ಲ. ಸಾಕ್ಷಿಯಲ್ಲಿ ತಪ್ಪಿದರೆ ಕಷ್ಟ.

ಸುಗುಣಾ ಹೇಳಿದಳು. ಸಭೆಯವರೆಲ್ಲ ದೀಕ್ಷಾಸ್ನಾನ ತಗೋ ಎಂದು ಎರಡು ವರ್ಷ ಬೆನ್ನು ಬಿದ್ದರೂ ನಾನು ಒಪ್ಪಿರಲಿಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆ ಮುಂದೆ ಕೂತು ಒಬ್ಬಳೇ ಯೋಚಿಸಿದೆ, ಆಮೇಲೆ ದೀಕ್ಷೆಗೆಂದು ಹನಗೋಡಿನ ಹೊಳೆಗೆ ಇಳಿದೆ ಎಂದಳು. ಕೊನೆಗೆ, "ಯಾರೂ ಕೈ ಹಿಡ್ದು ಎಳೀಲಿಲ್ಲ. ನಾನೇ ಮನಸ್ಸು ಮಾಡಿ ಹೋದೆ" ಎಂದು ಸೇರಿಸಿದಳು.

ಸತ್ಯಮಿತ್ರರ ಹುಬ್ಬು ಮೇಲೇರಿತು. ಕೆ.ಆರ್. ನಗರದ ತಮ್ಮ ಸಭೆಯಲ್ಲಿ ಅವರು ಹಿರಿಯರು. ಮನುಷ್ಯ ಮನಸ್ಸು ಮಾಡುವುದೇನಿದೆ, ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಟ್ಟಿದ್ದಾನೆ ಎಂದರು. ಸುಗುಣಾಳ ತಂದೆ ಸಮಾಧಾನಪ್ಪ ಹನಗೋಡಿನ ಪ್ರಾರ್ಥನಾ ಮನೆಯ ಹಿರಿಯರು. ಅವರು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ. ಬಲವಂತದ ಭಕ್ತಿ ದೇವರಿಗೆ ಯಾಕೆ, ಆತ ಕರೆಯುತ್ತಾನೆ, ಬರುವುದು ಬಿಡುವುದು ನಮಗೆ ಬಿಟ್ಟದ್ದು ಎಂದರು. ಅಲ್ಲಿಂದ ಶುರುವಾಯಿತು. ಸಮಾಧಿಯಲ್ಲಿ ಸತ್ತು ಮಲಗಿದ್ದ ಲಾಜರನನ್ನು ಯೇಸು ಎಬ್ಬಿಸಿದನೋ, ಅವನೇ ಮನಸ್ಸು ಮಾಡಿ ಎದ್ದು ಬಂದನೋ ಎಂದು ಸತ್ಯಮಿತ್ರ. ಯೇಸು ಕರೆದರೂ ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ ಸಾಹುಕಾರ ಹುಡುಗನನ್ನು ಯಾರು ಕಳಿಸಿದರು ಎಂದು ಸಮಾಧಾನಪ್ಪ. ಎರಡನೇ ಸುತ್ತಿನ ಕಾಫಿ ಕೆನೆ ಕಟ್ಟಿತು. ಇಬ್ಬರೂ ತಿಳಿದವರು, ಇಬ್ಬರ ಗಂಟಲೂ ದೊಡ್ಡದು.

ಹುಡುಗ ಪ್ರಶಾಂತ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಕೆಲಸಗಾರ ಎಂದು ಹೆಸರು. ಅವನು ಬರುವಾಗ ಅಂಗಳದಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸರಿಗೆ ತೊಂದರೆಯಾಗದಂತೆ ಬದಿಗೆ ಸರಿದು ನಡೆದದ್ದನ್ನು ಸುಗುಣಾ ಕಿಟಕಿಯಿಂದ ನೋಡಿದ್ದಳು. ಅವಳಿಗೆ ಅವನು ಇಷ್ಟವಾಗಿಬಿಟ್ಟಿದ್ದ. ಆದರೆ ಬೆಳಿಗ್ಗೆಯೇ ತಾಯಿ ಮಾಯಮ್ಮನಿಗೆ ಹೇಳಿದ್ದಳು, ಹುಡುಗನ ಬಾಯಿಂದಲೇ ಒಂದು ಮಾತು ಕೇಳದೆ ತಾನು ಹೂಂ ಅನ್ನುವುದಿಲ್ಲ, ಬಾಳಬೇಕಾದದ್ದು ಅವನ ಜೊತೆಗೆ, ಅವರಪ್ಪನ ಜೊತೆಗಲ್ಲ ಎಂದು. ಮೊದಲು ಅವರು ಬರಲಿ ಬುಡು ಎಂದಿದ್ದಳು ಮಾಯಮ್ಮ.

ಸಂಜೆಯ ಬಸ್ಸಿನ ಹೊತ್ತಾಗುತ್ತಿದ್ದಂತೆ ಸತ್ಯಮಿತ್ರ ಮೆತ್ತಗಾದರು. ಹುಡುಗಿ ಒಳ್ಳೆಯವಳೇ, ಮದುವೆಯಾಗಿ ನಮ್ಮ ಸಭೆಗೆ ಬಂದ ಮೇಲೆ ಈ ಒಂದು ವಿಷಯ ನಾನೇ ತಿದ್ದುತ್ತೇನೆ ಎಂದರು. ಸಮಾಧಾನಪ್ಪನವರ ಮುಖ ಅರಳಿತು. ಹಾಗಾದರೆ ಪ್ರಾರ್ಥನೆ ಮಾಡಿ ಗೊತ್ತುಮಾಡಿಬಿಡೋಣ ಎಂದು ಎದ್ದು ನಿಂತರು. ಮನುಷ್ಯನ ಇಚ್ಛೆಯ ಪರವಾಗಿ ಇಡೀ ಮಧ್ಯಾಹ್ನ ವಾದಿಸಿದ್ದ ಅವರಿಗೆ, ಮಗಳನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಕೆಟ್ಟವರೇನಲ್ಲ, ಕೇಳಿ ಅಭ್ಯಾಸವಿರಲಿಲ್ಲ.

ಎಲ್ಲರೂ ತಲೆ ಬಾಗಿಸುವಷ್ಟರಲ್ಲಿ ಸುಗುಣಾ ಪ್ರಶಾಂತನ ಕಡೆ ತಿರುಗಿದಳು.

"ಇಷ್ಟೊತ್ತೂ ದೊಡ್ಡೋರು ಮಾತಾಡುದ್ರು. ನಿಮ್ಗೆ ನಾನು ಒಪ್ಪಿಗೇನಾ?"

ಪ್ರಶಾಂತನ ಬಾಯಿ ತೆರೆಯಿತು. ಆದರೆ ಕಣ್ಣು ಅಪ್ಪನ ಕಡೆ ಹೋಯಿತು. ಸತ್ಯಮಿತ್ರ ನಕ್ಕು, "ಅವನದೇನೈತಮ್ಮ, ನಾನು ಒಪ್ಪಿದ್ರೆ ಅವನು ಒಪ್ಪಿದಂಗೇ" ಎಂದರು. ಪ್ರಶಾಂತ ಹೌದೆಂದು ತಲೆಯಾಡಿಸಿ ಮತ್ತೆ ಕ್ಯಾಲೆಂಡರ್ ನೋಡತೊಡಗಿದ. ಸುಗುಣಾಳಿಗೆ ಅಳು ಬಂದ ಹಾಗಾಯಿತು. ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋಗಿ, ಬೇಡ ಅಂತ ಹೇಳಿಬಿಡು ಎಂದು ತಾಯಿಗೆ ಹೇಳಿದಳು. ಮಾಯಮ್ಮ ಮಗಳ ಮುಖವನ್ನೊಮ್ಮೆ ನೋಡಿದಳು. ವಾದಿಸಲಿಲ್ಲ. ಬಾಗಿಲ ಹತ್ತಿರ ಬಂದು ಗಂಡನಿಗೆ ಮೆಲ್ಲಗೆ ಹೇಳಿದಳು, ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಸಮಾಧಾನಪ್ಪನವರು ನಾಚಿಕೆಯಿಂದ ಕುಗ್ಗಿಹೋದರು. ಸತ್ಯಮಿತ್ರ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟರು.

"ಹೋಗ್ಲಿ ಬುಡಿ. ದೇವರ ಚಿತ್ತ ಇರ್ನಿಲ್ಲ ಅಂತ ಕಾಣ್ತದೆ."

ಮುಳುಗುತ್ತಿದ್ದವರಿಗೆ ಆಸರೆ ಸಿಕ್ಕಂತಾಯಿತು. "ಹೂಂ ಕಣ್ರೀ, ದೇವರ ಚಿತ್ತ" ಎಂದರು ಸಮಾಧಾನಪ್ಪ. ಬೀಗರಾಗಬೇಕಿದ್ದ ಇಬ್ಬರೂ ಆ ದಿನ ಒಪ್ಪಿಕೊಂಡ ಮೊದಲ ಮಾತು ಅದು.

ಅಡುಗೆಮನೆಯಿಂದ ಸುಗುಣಾಳ ದನಿ ಕೇಳಿಸಿತು.

"ದೇವರ ಮೇಲೆ ಯಾಕಾಕ್ತೀರಪ್ಪ? ಬೇಡ ಅಂದೋಳು ನಾನು."