ಹದಿನೇಳನೇ ನಂಬರಿನ ಕಥೆ

ಹದಿನೇಳನೇ ನಂಬರು ಬೇರೆ ಯಾರೂ ಅಲ್ಲ, ತಮ್ಮ ಟೈಪಿಸ್ಟೇ ಎಂಬ ಗುಮಾನಿ ಮೇಡಂ ತಲೆಯಲ್ಲಿ ಹೊಕ್ಕು ಎರಡು ದಿನವಾಗಿತ್ತು. ಇಲ್ಲದಿದ್ದರೆ ಆ ಕಥೆಯನ್ನು ಟೈಪ್ ಮಾಡುವಾಗ ಅವಳೇಕೆ ಮೂಗು ಒರೆಸಿಕೊಳ್ಳಬೇಕು?

ಕಥೆ ಬರೆಯುವುದನ್ನು ಅಂಚೆಯ ಮೂಲಕ ಕಲಿಸುವ ಸಂಸ್ಥೆ ಅದು. ಕಥೆ ತಿದ್ದಲು ಇರುವವರು ಮೇಡಂ ಒಬ್ಬರೇ. ಕೆಂಪು ಪೆನ್ನು ಹಿಡಿದರೆ ಯಾರ ಮುಲಾಜೂ ಇಲ್ಲ; ಬೆನ್ನ ಹಿಂದೆ ಎಲ್ಲರೂ ಕರೆಯುವುದು ಕತ್ತರಿ ಮೇಡಂ ಎಂದೇ. ತಿದ್ದುವವರು ಯಾರೆಂದು ಹೊರಗೆ ಗೊತ್ತಾಗಬಾರದು. ಮೇಡಂ ಕೂಡ ಮನೆಯಲ್ಲಿ ಒಬ್ಬರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬರೆದವರು ಯಾರೆಂದು ಅವರಿಗೂ ಗೊತ್ತಾಗಬಾರದು. ಕಥೆಗಳು ಹೆಸರು ಕಳಚಿಕೊಂಡು, ಬರೀ ನಂಬರು ಹೊತ್ತು, ಟೈಪಾಗಿಯೇ ಮೇಜಿಗೆ ಬರಬೇಕು. ಹೆಸರು ಕಂಡರೆ ದಾಕ್ಷಿಣ್ಯ ಹುಟ್ಟುತ್ತದೆ. ಇನ್ನು ಕೈಬರಹದ ಮಾತೇ ಬೇಡ. ಎಡಚಿ ಮಗಳು ಬರೆದ ಸಾಲಿನ ಮೇಲೆಯೇ ಕೈ ಎಳೆದು ಶಾಯಿ ಬಳಿದ ಕಾಪಿ ಪುಸ್ತಕಗಳನ್ನು ಹತ್ತು ವರ್ಷ ನೋಡಿ ಅವರ ಕಣ್ಣು ಬಳಲಿತ್ತು. ಟೈಪಿನ ನಿಯಮ ತಂದವರೂ ಅವರೇ.

ಹದಿನೇಳರ ಮೊದಲ ಕಥೆ ಒಂದೇ ಪುಟ. ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಹೆಂಡತಿ ಅಳುತ್ತಾಳೆ, ಯಾರಾದರೂ ಬನ್ನಿ ಎನ್ನುತ್ತಾಳೆ. ಕೊನೆಗೆ ಒಂದು ಪ್ರಶ್ನೆ: "ಇದನ್ನು ನೀವೇ ಓದುತ್ತೀರಲ್ಲವೇ?"

"ಪ್ರತಿ ಅಕ್ಷರವನ್ನೂ" ಎಂದು ಮೇಡಂ ಬರೆದರು. ಅದರ ಕೆಳಗೆ, "ಅಳು ಬೇಡ. ನಡೆದದ್ದನ್ನು ತೋರಿಸಿ."

ಎರಡನೆಯದರಲ್ಲಿ ಅಳು ಇರಲಿಲ್ಲ. ಬೀಗ ಎರಡು ಸಲ ತಿರುಗುವ ಸದ್ದಿತ್ತು. ತವರಿಗೆ ಬರೆದ ಕಾಗದಗಳನ್ನು ಗಂಡ ಹರಿದು ಒಲೆಗೆ ಹಾಕುತ್ತಾನೆ. ಕಥೆ ಗೀಚಿದರೆ ಮಾತ್ರ ಓದದೆ ನಕ್ಕು, ತಾನೇ ಅಂಚೆಗೆ ಹಾಕುತ್ತಾನೆ. ಅಮ್ಮ ಫೋನ್ ಮಾಡಿದಾಗ ಪಕ್ಕದಲ್ಲೇ ಕುಳಿತು ಅವಳ ಎಡಗೈಯ ಕಿರುಬೆರಳನ್ನು ಮೆಲ್ಲನೆ ಹಿಂದಕ್ಕೆ ಬಗ್ಗಿಸುತ್ತಾನೆ, ಅವಳು "ಚೆನ್ನಾಗಿದ್ದೀನಿ" ಎನ್ನುವವರೆಗೆ.

ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಹುಡುಗಿಗೆ ಕೈ ಕುದುರುತ್ತಿದೆ. 'ಎಡಗೈಯ', 'ಮೆಲ್ಲನೆ', 'ಪಕ್ಕದಲ್ಲೇ', ಮೂರು ಪದ ಹೊಡೆದು ಹಾಕಿದರು, ಬೇಡದ ಭಾರ. ಅಂಚಿನಲ್ಲಿ ಬರೆದರು: "ಅಮ್ಮನ ಪಾತ್ರ ನಂಬುವ ಹಾಗಿಲ್ಲ. ಹೆತ್ತವಳಿಗೆ ದನಿಯಲ್ಲೇ ಗೊತ್ತಾಗದೆ ಇರುತ್ತದೆಯೇ? ಈ ಪಾತ್ರವನ್ನು ತೆಗೆದುಬಿಡಿ."

ಆಮೇಲೆಯೇ ಟೈಪಿಸ್ಟಿನ ಮೇಲೆ ಗುಮಾನಿ ಹುಟ್ಟಿದ್ದು. ಎರಡು ದಿನ ಬಿಟ್ಟು, ಮಧ್ಯಾಹ್ನ ಅವಳನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ಮನೇಲಿ ಎಲ್ಲ ಸರಿ ಇದೆಯೇನಮ್ಮ? ನಿಮ್ಮವರು ಏನಾದ್ರೂ..."

"ನಮ್ಮವರಾ? ಜಿರಳೆ ಕಂಡ್ರೆ ಮಂಚ ಹತ್ತೋ ಆಸಾಮಿ ಮೇಡಂ." ಟೈಪಿಸ್ಟು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಹದಿನೇಳರದ್ದು ಓದಿ ಕೇಳ್ತಿದೀರಾ? ನಂಗೂ ಹಾಗೇ ಆಯ್ತು. ಅದು ನಿಜ ಆಗಿದ್ರೆ? ವಿಳಾಸ ನನ್ನ ರಿಜಿಸ್ಟರಲ್ಲಿದೆ. ಕೊಡ್ಲಾ?"

ಮೇಡಂ ಹದಿನೈದು ವರ್ಷದಲ್ಲಿ ಒಮ್ಮೆಯೂ ಆ ರಿಜಿಸ್ಟರು ನೋಡಿದವರಲ್ಲ.

"ಬೇಡ. ನಿಜ ಅನ್ನಿಸಿದ್ರೆ ಒಳ್ಳೆ ಕಥೆ ಅಂತ ಅರ್ಥ, ಅಷ್ಟೇ. ಬರೆದಿದ್ದೆಲ್ಲ ನಂಬ್ತಾ ಹೋದ್ರೆ ನಾವು ಬಾಗಿಲು ಹಾಕ್ಕೋಬೇಕಾಗತ್ತೆ."

ಮೂರನೆಯದರಲ್ಲಿ ಅಮ್ಮ ಇರಲಿಲ್ಲ. ಹೇಳಿದ ಹಾಗೇ ತೆಗೆದಿದ್ದಳು. ಫೋನೂ ಇರಲಿಲ್ಲ. ಬೀಗ, ಅಡುಗೆಮನೆಯ ಗೋಡೆ, ಗೋಡೆಯ ಮೇಲೆ ಸರಿಯುವ ಬಿಸಿಲು, ಕಾಯುವ ಹೆಂಗಸು. ಮೇಡಂ ಅದನ್ನು ಎರಡು ಸಲ ಓದಿದರು. ಕಥೆಯೊಳಗೆ ಕೈ ಹಾಕಿ ಯಾರನ್ನಾದರೂ ಈಚೆ ಎಳೆದುಕೊಳ್ಳಲು ಆಗುತ್ತದೆಯೇ? ಕೈಲಾಗುವುದು ತಿದ್ದುವುದೊಂದೇ. ತಿದ್ದಿದರು: "ಕೊನೆ ಜಾಳು. ನಿಮ್ಮ ನಾಯಕಿ ಬರೀ ಕಾಯುತ್ತಾಳೆ. ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಲಿ. ಏನಾದರೊಂದು ನಿರ್ಧಾರ ಮಾಡಲಿ."

ನಾಲ್ಕನೆಯದು ತಡವಾಗಿ ಬಂತು. ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಪಾತ್ರೆ ತೊಳೆದಿಡುತ್ತಾಳೆ. ಬಟ್ಟೆ ಮಡಚುತ್ತಾಳೆ. ಸ್ಟೂಲನ್ನು ಬಾಲ್ಕನಿಗೆ ಒಯ್ಯುತ್ತಾಳೆ. ಏಳು ಮಹಡಿ ಕೆಳಗೆ ಯಾರೋ ಕಾರು ತೊಳೆಯುತ್ತಿದ್ದಾರೆ. ಅವರು ಪಕ್ಕಕ್ಕೆ ಹೋಗಲೆಂದು ಕಾಯುತ್ತಾಳೆ. ಅಲ್ಲಿಗೆ ಮುಗಿದಿತ್ತು.

ಹೊಡೆಯಲು ಒಂದೇ ಒಂದು ಪದ ಸಿಗಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದು ಹತ್ತಕ್ಕೆ ಹತ್ತು ಕೊಟ್ಟರು. "ಈಗ ನೀವು ಬರಹಗಾರ್ತಿ" ಎಂದು ಬರೆದು ಅಂಚೆಗೆ ಕೊಟ್ಟರು. ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಗಲೆಂದು ಶಿಫಾರಸನ್ನೂ ಮಾಡಿದರು.

ವಾರ ಕಳೆಯಿತು. ಅಚ್ಚಿಗೆ ಹೋಗುವ ಕಥೆಯನ್ನು ಮಾತ್ರ ಮೂಲಪ್ರತಿಯೊಡನೆ ಹೋಲಿಸಿ ನೋಡುವುದು ಕ್ರಮ. ಟೈಪಿಸ್ಟು ಹದಿನೇಳರ ಮೂಲಪ್ರತಿಯಿದ್ದ ಲಕೋಟೆ ತಂದು ಮೇಜಿನ ಮೇಲಿಟ್ಟಳು.

"ನಿಮ್ಮ ಹತ್ತಕ್ಕೆ ಹತ್ತು ವಾಪಸ್ ಬಂದಿದೆ ಮೇಡಂ. ಮನೆಗೆ ಬೀಗ ಹಾಕಿದೆ ಅಂತ ಅಂಚೆಯವರು ಬರೆದಿದಾರೆ."

"ಬೇರೆ ಮನೆಗೆ ಹೋಗಿರ್ತಾರೆ, ಬಿಡು."

ಸಂತೋಷ ಹಂಚಿಕೊಳ್ಳಲು ಅವರಿಗಿದ್ದದ್ದು ಮಗಳೊಬ್ಬಳೇ. ಈ ಕೆಲಸದ ಗುಟ್ಟು ಬಲ್ಲವಳೂ ಅವಳೊಬ್ಬಳೇ. ಲಕೋಟೆ ಬಿಡಿಸುವ ಮೊದಲು ಫೋನ್ ಹಚ್ಚಿದರು. ಮೂರು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ವಿಚಿತ್ರ. ಅಳಿಯ ಮೊದಲ ಗಂಟೆಗೇ ಎತ್ತಿ, "ಇಲ್ಲೇ ಇದಾಳೆ ಅತ್ತೆ, ನನ್ನ ಪಕ್ಕದಲ್ಲೇ" ಎನ್ನುವವನು.

ಇಬ್ಬರೂ ಎಲ್ಲೋ ತಿರುಗಾಡಲು ಹೋಗಿರಬೇಕು ಅಂದುಕೊಂಡು ಮೇಡಂ ಕನ್ನಡಕ ಏರಿಸಿ, ಹದಿನೇಳರ ಹಾಳೆಗಳನ್ನು ಹೊರಗೆಳೆದರು.

ಪ್ರತಿ ಸಾಲಿನ ಮೇಲೂ, ಎಡದಿಂದ ಬಲಕ್ಕೆ, ಕೈ ಎಳೆದು ಬಳಿದ ಶಾಯಿ.